ಪಂಚಾಂಗ ನೋಡಿ ನುಡಿಸುವ ಜಾಝ್

ನಾವು ಅಭ್ಯಾಸ ಮಾಡುವ ಕೋಣೆಯ ಗೋಡೆಗೆ ಮೊಳೆ ಹೊಡೆದು, ದಾರ ಕಟ್ಟಿ, ಒಂದು ಒಂಟಿಕೊಪ್ಪಲ್ ಪಂಚಾಂಗವನ್ನು ನೇತುಹಾಕಿದ್ದೇವೆ. ಬಂದವರು ಅದನ್ನು ನೋಡಿ ನಗುತ್ತಾರೆ. ಜಾಝ್ ನುಡಿಸುವವರ ಕೋಣೆ ಎಂದರೆ ಸಿಗರೇಟಿನ ಹೊಗೆಯ ನಡುವೆ ಕಣ್ಣು ಮುಚ್ಚಿ ನಿಂತ ಯಾರಾದರೂ ಟ್ರಂಪೆಟ್ ವಾದಕನ ಕಪ್ಪು ಬಿಳುಪು ಚಿತ್ರವಿರಬೇಕು ಎಂಬುದು ಅವರ ಎಣಿಕೆ. ಅಂಥದ್ದೂ ಒಂದಿತ್ತು. ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿ ಅದು ಬೂಷ್ಟು ಹಿಡಿಯಿತು, ತೆಗೆದುಹಾಕಿದೆವು. ಪಂಚಾಂಗವನ್ನು ಮಾತ್ರ ಯುಗಾದಿಗೆ ಯುಗಾದಿಗೆ ತಪ್ಪದೆ ಬದಲಾಯಿಸುತ್ತೇವೆ. ಅದಿಲ್ಲದೆ ನಮ್ಮ ಕೆಲಸ ಸಾಗುವುದಿಲ್ಲ.

ನಾವು ನಾಲ್ವರು. ಸ್ಯಾಕ್ಸೋಫೋನ್ ಗೆಳೆಯ ಮಂಗಳವಾದ್ಯದವನು. ಮೈಸೂರು, ಮಂಡ್ಯ, ಚಾಮರಾಜನಗರದ ಕಲ್ಯಾಣಮಂಟಪಗಳಲ್ಲಿ ಅವನು ಊದದ ಮಂಟಪ ಕಡಿಮೆ. ಡ್ರಮ್ಸ್ ಗೆಳೆಯ ಮಂಡ್ಯದ ಕಡೆ ರಸಮಂಜರಿ ತಂಡಗಳಿಗೆ ನುಡಿಸುತ್ತಾನೆ, ಉಳಿದ ದಿನ ಮಕ್ಕಳಿಗೆ ಪಾಠ ಹೇಳುತ್ತಾನೆ. ಕೀಬೋರ್ಡ್ ಗೆಳೆಯ ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸಿ, ವಾರದ ದಿನಗಳಲ್ಲಿ ಲಂಡನ್ನಿನ ಗ್ರೇಡ್ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರು ಮಾಡುತ್ತಾನೆ. ಬಾಸ್ ಗಿಟಾರು ನನ್ನದು. ಹಗಲಿನಲ್ಲಿ ನಾನು ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕುಳಿತು ಊರವರ ಆದಾಯ ತೆರಿಗೆಯ ಲೆಕ್ಕ ಬರೆಯುತ್ತೇನೆ. ಹಾಗಾಗಿ ನಾಲ್ವರಲ್ಲಿ ಸಂಗೀತದಿಂದ ಹೊಟ್ಟೆ ಹೊರೆಯದವನು ನಾನೊಬ್ಬನೇ. ಉಳಿದ ಮೂವರ ಬದುಕನ್ನು ಹತ್ತಿರದಿಂದ ನೋಡಿ, ಲೆಕ್ಕ ಬರೆಯುವ ಚಟವೂ ಇರುವುದರಿಂದ, ಇದನ್ನು ಬರೆಯುತ್ತಿದ್ದೇನೆ.

ಈಗ ಪಂಚಾಂಗದ ವಿಷಯ. ವೈಶಾಖ, ಜ್ಯೇಷ್ಠ ಮದುವೆಯ ಕಾಲ; ಸ್ಯಾಕ್ಸೋಫೋನ್ ಕೈಗೆ ಸಿಗುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಊರೂರಿನ ಜಾತ್ರೆ, ಭಾದ್ರಪದದಲ್ಲಿ ಗಣಪತಿ ಪೆಂಡಾಲುಗಳು, ನವೆಂಬರ್ ಪೂರ್ತಿ ರಾಜ್ಯೋತ್ಸವ, ಡ್ರಮ್ಸ್ ಸಿಗುವುದಿಲ್ಲ. (ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಮುಗಿಯುತ್ತದೆ ಎಂದುಕೊಂಡವರು ಮಂಡ್ಯ ಜಿಲ್ಲೆಗೆ ಬಂದು ನೋಡಬೇಕು. ಡಿಸೆಂಬರಿನಲ್ಲಿಯೂ ಕನ್ನಡಾಂಬೆಯ ಮೆರವಣಿಗೆ ಎದುರಾಗುತ್ತದೆ.) ಪರೀಕ್ಷೆಯ ಹಿಂದುಮುಂದೆ ಕೀಬೋರ್ಡ್ ಸಿಗುವುದಿಲ್ಲ. ಎಲ್ಲವನ್ನೂ ಕಳೆದರೆ ಉಳಿಯುವುದು ಪಿತೃಪಕ್ಷದ ಹದಿನೈದು ದಿನ, ಧನುರ್ಮಾಸ ಮತ್ತು ಆಷಾಢ. ಅದರಲ್ಲಿಯೂ ಆಷಾಢವೇ ನಮ್ಮ ಪಾಲಿನ ಪರ್ವಕಾಲ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಜಾತ್ರೆಯಿಲ್ಲ. ಶುಕ್ರವಾರ ಊರಿಗೆ ಊರೇ ಚಾಮುಂಡಿ ಬೆಟ್ಟ ಹತ್ತುವಾಗ ನಾವು ಸರಸ್ವತಿಪುರಂನ ಒಂದು ಮನೆಯ ಮಹಡಿ ಹತ್ತಿ ತಗಡಿನ ಚಾವಣಿಯ ಕೆಳಗೆ ಕೂಡುತ್ತೇವೆ. ನಾನು ಮಾತ್ರ ಆ ತಿಂಗಳಲ್ಲೇ ಜುಲೈ 31ರ ಗಡುವಿನ ಕೆಳಗೆ ನಲುಗುತ್ತಿರುತ್ತೇನೆ. ಮೂವರಿಗೆ ಕೆಲಸವಿಲ್ಲದ ಕಾಲ ನನಗೆ ಊಟಕ್ಕೂ ಬಿಡುವಿಲ್ಲದ ಕಾಲ. ದೇವರ ಹಾಸ್ಯ.

ಹೋದ ವೈಶಾಖದಲ್ಲಿ ಒಮ್ಮೆ ಸ್ಯಾಕ್ಸೋಫೋನ್ ಗೆಳೆಯನ ಸ್ಕೂಟರು ಕೆಟ್ಟು, ಅವನನ್ನು ಮಂಡ್ಯದ ಒಂದು ಮದುವೆಗೆ ನಾನೇ ಕರೆದುಕೊಂಡು ಹೋದೆ. ಬೆಳಗಿನ ಜಾವ ನಾಲ್ಕು ಗಂಟೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಅದೇ ವರ್ಷದ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಆದ್ದರಿಂದ ನಮ್ಮಂಥವರದು ಸರ್ವೀಸ್ ರಸ್ತೆ, ಉಬ್ಬು ಬಂದಾಗಲೆಲ್ಲ ಹಿಂದೆ ಕುಳಿತವನು ಪೆಟ್ಟಿಗೆಯನ್ನು ಮಗುವಿನಂತೆ ಎದೆಗೆ ಅವುಚಿಕೊಳ್ಳುವ ಸವಾರಿ. ಪಕ್ಕದಲ್ಲಿ, ಒಂದಾಳೆತ್ತರದಲ್ಲಿ, ಬೆಂಗಳೂರಿನ ಕಾರುಗಳು ಸುಯ್ಯೆಂದು ಹೋಗುತ್ತಿರುತ್ತವೆ. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಅವನು ರೀಡನ್ನು ಬಾಯಲ್ಲಿ ಇಟ್ಟುಕೊಂಡಿದ್ದ. ರೀಡ್ ಎಂದರೆ ಜೊಂಡಿನ ಒಂದು ತೆಳು ಚಕ್ಕೆ. ಎಂಜಲಿನಲ್ಲಿ ನೆನೆಯದೆ ಅದು ಸರಿಯಾಗಿ ನುಡಿಯುವುದಿಲ್ಲ. ಹತ್ತು ರೀಡುಗಳ ಒಳ್ಳೆಯ ಪೆಟ್ಟಿಗೆಗೆ ಅವನು ಮೂರು ಸಾವಿರ ರೂಪಾಯಿಯ ಹತ್ತಿರ ಕೊಡುತ್ತಾನೆ. ಹತ್ತರಲ್ಲಿ ನಾಲ್ಕು ಮಾತ್ರ ಅವನ ಮನಸ್ಸಿಗೆ ಬರುತ್ತವೆ. ಅದಕ್ಕೇ ಮದುವೆಗೆ ಒಂದು ರೀಡು, ಜಾಝ್‌ಗೆ ಒಂದು ರೀಡು ಎಂದು ಪ್ರತ್ಯೇಕ ಇಟ್ಟಿರುತ್ತಾನೆ. ಆ ದಿನ ಮಂಡ್ಯ ತಲುಪುವ ತನಕ ನನ್ನ ಯಾವ ಮಾತಿಗೂ ಅವನದು ಹೂಂಕಾರವಷ್ಟೇ.

ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ವರನ ಕಡೆಯವರು ಸೂಟಿನ ಗುಂಡಿಯ ಬಗ್ಗೆ ಜಗಳವಾಡುತ್ತಿದ್ದರು. ಕೇಳುವವರಾರೂ ಇಲ್ಲ ಎಂದು ಧೈರ್ಯ ಬಂತೋ ಏನೋ, ಶುದ್ಧ ಧನ್ಯಾಸಿ ರಾಗ ನುಡಿಸುತ್ತಿದ್ದವನು ಶುದ್ಧ ಮಧ್ಯಮದಿಂದ ಪಂಚಮಕ್ಕೆ ಏರುವ ದಾರಿಯಲ್ಲಿ ಆ ರಾಗಕ್ಕೆ ಸೇರದ ಪ್ರತಿಮಧ್ಯಮ ಸ್ವರವನ್ನು ಹಾಗೇ ಸವರಿಕೊಂಡು ಹೋದ. ಜಾಝ್ ಬಲ್ಲವರಿಗೆ ಇದು ಗೊತ್ತು. ಶುದ್ಧ ಧನ್ಯಾಸಿಯ ಐದು ಸ್ವರಗಳಿಗೆ ಆ ಒಂದು ಕಳ್ಳ ಸ್ವರವನ್ನು ಸೇರಿಸಿದರೆ ಅದೇ ಜಾಝ್‌ನ ಬೇರಾದ ಬ್ಲೂಸ್ ಸಂಗೀತದ ಸ್ವರಶ್ರೇಣಿ. ಡೋಲಿನವನು ತಲೆ ಎತ್ತಿ ನೋಡಿದ. ಮುಂದಿನ ಸಾಲಿನಲ್ಲಿ ಪೇಟ ಕಟ್ಟಿಕೊಂಡು ಕುಳಿತಿದ್ದ ಹಿರಿಯರೊಬ್ಬರು ಪತ್ರಿಕೆಯನ್ನು ಮಡಚಿ, ‘ಏನಪ್ಪಾ, ಅಲ್ಲಿ ಸ್ವರ ಜಾರಿತು’ ಎಂದರು. ಗೆಳೆಯ ಕ್ಷಮೆ ಕೇಳುವವನಂತೆ ತಲೆ ಬಾಗಿಸಿ ಶುದ್ಧವಾದ ದಾರಿಗೆ ಮರಳಿದ. ಆಮೇಲೆ ಎಲೆಯ ಮುಂದೆ ಕುಳಿತಾಗ ಅವನ ಮುಖದಲ್ಲಿ ಸಂತೋಷವೋ ಸಂತೋಷ. ‘ನೋಡಿದೆಯಾ, ಎಂಥ ಕಿವಿ! ನಮ್ಮ ಕೆಫೆಯಲ್ಲಿ ಇಂಥವರು ಒಬ್ಬರು ಕುಳಿತರೆ ಸಾಕು, ನಾನು ಬಿಟ್ಟಿ ನುಡಿಸುತ್ತೇನೆ’ ಎಂದ. ಬಿಟ್ಟಿ ಎಂಬ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಈಗಾಗಲೇ ಹೆಚ್ಚುಕಡಿಮೆ ಬಿಟ್ಟಿಯೇ ನುಡಿಸುತ್ತಿದ್ದಾನೆ.

ಕೆಫೆ ಇರುವುದು ಗೋಕುಲಂನಲ್ಲಿ. ಹೆಸರು ಬೇಡ. ಗೋಕುಲಂ ಎಂದರೆ ಮೈಸೂರಿನವರಿಗೆ ಗೊತ್ತು: ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗಶಾಲೆ ಲಕ್ಷ್ಮೀಪುರಂನಿಂದ ಅಲ್ಲಿಗೆ ಬಂದ ಮೇಲೆ ವಿದೇಶೀಯರು ತಿಂಗಳುಗಟ್ಟಲೆ ಬಾಡಿಗೆಗಿದ್ದು ಕಲಿಯುವ ಬಡಾವಣೆ. ಕೆಫೆಗಳು ಅವರ ಹಿಂದೆಯೇ ಬಂದವು. ಈ ಊರಿನಲ್ಲಿ ಜಾಝ್ ಎಂದರೆ ಏನೆಂದು ವಿವರಿಸದೆ ನುಡಿಸಬಹುದಾದ ಸಭಿಕರು ಎಲ್ಲಾದರೂ ಇದ್ದರೆ ಇಲ್ಲೇ. ಬ್ರೂಕ್ಲಿನ್ನಿನವರು, ಬರ್ಲಿನ್ನಿನವರು, ಟೋಕಿಯೊದವರು. ಏಕವ್ಯಕ್ತಿ ವಾದನ ಮುಗಿದೊಡನೆ ಎಲ್ಲಿ ಚಪ್ಪಾಳೆ ತಟ್ಟಬೇಕೆಂದು ಬಲ್ಲವರು. ತೊಂದರೆ ಒಂದೇ. ಅವರು ಬೆಳಗಿನ ಜಾವ ಎದ್ದು ಚಾಪೆ ಹಾಸಬೇಕು. ರಾತ್ರಿ ಎಂಟಕ್ಕೆ ಮಲಗುತ್ತಾರೆ. ಜಗತ್ತಿನ ಬೇರೆಲ್ಲ ಊರುಗಳಲ್ಲಿ ಜಾಝ್ ರಾತ್ರಿ ಒಂಬತ್ತರ ಮೇಲೆ ಕಣ್ಣು ಬಿಡುತ್ತದಂತೆ. ನಮ್ಮಲ್ಲಿ ಅದು ಸಂಜೆಯ ಕಾಫಿ ಹೊತ್ತಿನ ಸಂಗೀತ.

ಇಲ್ಲಿಯೂ ಪಂಚಾಂಗವೇ ಕೈ ಹಿಡಿಯಿತು. ಅಷ್ಟಾಂಗದವರು ಹುಣ್ಣಿಮೆ, ಅಮಾವಾಸ್ಯೆಗಳಂದು ಅಭ್ಯಾಸ ಮಾಡುವುದಿಲ್ಲ. ಎಂದರೆ ಹಿಂದಿನ ರಾತ್ರಿ ಅವರು ಸ್ವಲ್ಪ ಹೊತ್ತು ಎಚ್ಚರವಿರುತ್ತಾರೆ. ಅಮಾವಾಸ್ಯೆಯ ಸುತ್ತಮುತ್ತ ಒಳ್ಳೆಯ ಲಗ್ನವೂ ಇರುವುದಿಲ್ಲ, ಸ್ಯಾಕ್ಸೋಫೋನೂ ಬಿಡುವು. ಈ ಸಂಗತಿಯನ್ನು ಕಂಡುಹಿಡಿದವನು ನಮ್ಮ ಡ್ರಮ್ಸ್ ಗೆಳೆಯ. ಆವತ್ತಿನಿಂದಲೇ ಗೋಡೆಗೆ ಪಂಚಾಂಗ ಬಂದದ್ದು. ಚತುರ್ದಶಿಯ ರಾತ್ರಿ ಜಾಝ್ ಕಛೇರಿ ಇಟ್ಟುಕೊಳ್ಳುವ ತಂಡ ನಮ್ಮದಲ್ಲದೆ ಇನ್ನೊಂದು ಇರಲಾರದು.

ಮೊದಲ ಕಛೇರಿಗೆ ನಲವತ್ತು ಜನ ಬಂದಿದ್ದರು. ಕಾಫಿ ಅರೆಯುವ ಯಂತ್ರ ನಮ್ಮ ಕೀಬೋರ್ಡಿನಿಂದ ಐದಡಿ ದೂರದಲ್ಲಿತ್ತು. ನಾವು ಮೆಲ್ಲಗೆ ನುಡಿಸುವ ಜಾಗ ಬಂದಾಗಲೆಲ್ಲ ಸರಿಯಾಗಿ ಅದಕ್ಕೆ ಕೆಲಸ ಬರುತ್ತಿತ್ತು. ಮೂರನೆಯ ಹಾಡಿನ ಹೊತ್ತಿಗೆ ಸ್ಥಳೀಯರೊಬ್ಬರು, ಮಕ್ಕಳೊಡನೆ ಬಂದಿದ್ದವರು, ಹತ್ತಿರ ಬಂದು ಒಂದು ಹಳೆಯ ಕನ್ನಡ ಚಿತ್ರಗೀತೆಯನ್ನು ನುಡಿಸಿ ಎಂದು ವಿನಯದಿಂದ ಕೇಳಿದರು. ಇಂಥ ಕೋರಿಕೆಗೆ ಮುಖ ಸಿಂಡರಿಸುವುದು ಜಾಝ್‌ನವರ ಚಾಳಿ. ನಾವು ಸಿಂಡರಿಸಲಿಲ್ಲ. ಆ ಹಾಡನ್ನು ಸ್ಯಾಕ್ಸೋಫೋನ್ ಗೆಳೆಯ ಸಾವಿರ ಆರತಕ್ಷತೆಗಳಲ್ಲಿ ನುಡಿಸಿದ್ದಾನೆ. ಪಲ್ಲವಿಯನ್ನು ಒಮ್ಮೆ ಹೇಳಿ, ಕೀಬೋರ್ಡಿನವನು ಕೆಳಗಿನ ಸ್ವರಮೇಳಗಳನ್ನು (ಕಾರ್ಡ್‌ಗಳನ್ನು) ಬದಲಿಸುತ್ತಾ ಹೋದಂತೆ, ಅವನು ಹಾಡನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋದ. ಏಳು ನಿಮಿಷ. ನನ್ನ ಮಟ್ಟಿಗೆ ಆ ರಾತ್ರಿಯ ಅತ್ಯುತ್ತಮ ಏಳು ನಿಮಿಷ. ಮುಗಿದ ಮೇಲೆ ಅದೇ ಮನುಷ್ಯ ಮತ್ತೆ ಬಂದು, ‘ಪರವಾಗಿಲ್ಲ ಸರ್, ಟೈಮ್ ಇದ್ದರೆ ನಾನು ಹೇಳಿದ ಹಾಡನ್ನು ಕೊನೆಯಲ್ಲಿ ನುಡಿಸಿ’ ಎಂದರು. ಎಂಟೂಕಾಲಕ್ಕೆ ಯೋಗದವರು ಶಾಲೆ ಬಿಟ್ಟ ಮಕ್ಕಳಂತೆ ಒಟ್ಟಿಗೆ ಎದ್ದರು.

ಲೆಕ್ಕ ಹೇಳುತ್ತೇನೆ. ನಾಲ್ವರಿಗೆ ಸೇರಿ ಒಪ್ಪಿಕೊಂಡದ್ದು 8,000 ರೂಪಾಯಿ. ಧ್ವನಿವರ್ಧಕದ ಬಾಡಿಗೆ 3,000. ಡ್ರಮ್ಸ್ ಸಾಗಿಸಲು ಆಟೋಗೆ ಹೋಗಿಬರಲು 700. ಉಳಿದದ್ದು 4,300, ತಲೆಗೆ 1,075. ಅದಕ್ಕಾಗಿ ಮೂರು ಮೂರು ಗಂಟೆಯ ಆರು ಅಭ್ಯಾಸಗಳು, ಮೂರು ಗಂಟೆಯ ಕಛೇರಿ, ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಎರಡು ಗಂಟೆ. ಒಟ್ಟು ಇಪ್ಪತ್ಮೂರು ಗಂಟೆ. ಗಂಟೆಗೆ 46 ರೂಪಾಯಿ ಚಿಲ್ಲರೆ. ಅದರಲ್ಲಿ ಅರ್ಧ ಆ ದಿನವೇ ಬಂತು, ಉಳಿದರ್ಧಕ್ಕೆ ಎರಡು ತಿಂಗಳು ಮೊಬೈಲಿನಲ್ಲಿ ನಮ್ರವಾದ ಸಂದೇಶಗಳನ್ನು ಕಳಿಸಬೇಕಾಯಿತು. ಇದೇ ಸ್ಯಾಕ್ಸೋಫೋನಿಗೆ ಮದುವೆಯಲ್ಲಿ, ಹಿಂದಿನ ಸಂಜೆಯ ವರಪೂಜೆ ಮತ್ತು ಬೆಳಗಿನ ಧಾರೆ ಸೇರಿ, 4,500 ರೂಪಾಯಿ. ಅಭ್ಯಾಸ ಬೇಕಿಲ್ಲ. ಎಲೆಯ ತುಂಬ ಊಟ, ಕೊನೆಗೆ ತಾಂಬೂಲ, ತೆಂಗಿನಕಾಯಿ. ಕೆಫೆಯಲ್ಲಿ ನಮಗೆ ಸ್ಯಾಂಡ್‌ವಿಚ್ ಅರ್ಧ ಬೆಲೆಗೆ ಸಿಕ್ಕಿತು.

ಕೆಫೆಯವರನ್ನು ನಾನು ದೂರುವುದಿಲ್ಲ, ಬಾಕಿಯ ವಿಷಯ ಒಂದನ್ನು ಬಿಟ್ಟು. ನಲವತ್ತು ಜನ ತಲೆಗೊಂದು ಶುಂಠಿ ಚಹಾ ಕುಡಿದು ಎಂಟೂಕಾಲಕ್ಕೆ ಎದ್ದುಹೋದರೆ ಅವರ ಲೆಕ್ಕವೂ ಕೂಡುವುದಿಲ್ಲ. ಅದೂ ನಾನು ಬರೆಯಬಲ್ಲ ಲೆಕ್ಕವೇ.

ಬೆಂಗಳೂರಿಗೆ ಹೋಗಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಹೋಗುತ್ತೇವೆ. ಅಲ್ಲಿ ಜಾಝ್‌ಗೆ ಹಳೆಯ ಬೇರಿದೆ. ಬೋಸ್ಟನ್ನಿನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಜೊತೆ ಸೇರಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ತಂದದ್ದು 1983ರಲ್ಲಿ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂತೆ ಕೇಳುವುದಕ್ಕೆಂದೇ ಕಟ್ಟಿದ ಜಾಗವೂ ಅಲ್ಲಿದೆ. ಆದರೆ ಬೆಂಗಳೂರಿನವರ ಪಾಡೂ ಸುಖದ್ದಲ್ಲ. ನಮ್ಮ ರಾಜ್ಯದಲ್ಲಿ ‘ಲೈವ್ ಬ್ಯಾಂಡ್’ ಎಂಬ ಮಾತಿಗೆ ಅಡ್ಡ ಅರ್ಥವೊಂದು ಅಂಟಿಕೊಂಡುಬಿಟ್ಟಿದೆ. ಬಾರುಗಳಲ್ಲಿ ಹೆಣ್ಣುಮಕ್ಕಳನ್ನು ಕುಣಿಸುವ ದಂಧೆಯನ್ನು ಕಟ್ಟುಪಾಡಿಗೆ ತರಲು 2005ರಲ್ಲಿ ಒಂದು ಪರವಾನಗಿ ಆದೇಶ ಬಂತು. ಅದನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ವರ್ಷ ಪೊಲೀಸರು ಬಿಗಿ ಮಾಡಿದಾಗ ಪರವಾನಗಿ ಇಲ್ಲದ ಎಷ್ಟೋ ಪಬ್ಬು, ಹೋಟೆಲುಗಳು ಮೂಲೆಯಲ್ಲಿ ಗಿಟಾರು ಹಿಡಿದು ಕುಳಿತವನನ್ನೂ ಎಬ್ಬಿಸಿ ಕಳಿಸಿದವು. ಬಲೆ ಬೀಸಿದ್ದು ಒಂದು ಮೀನಿಗೆ, ಸಿಕ್ಕಿಬಿದ್ದದ್ದು ಇನ್ನೊಂದು. ನಮ್ಮ ಕೀಬೋರ್ಡ್ ಗೆಳೆಯನಿಗೆ ಸಂಬಂಧ ನೋಡುವಾಗ ಹುಡುಗಿಯ ಸೋದರಮಾವ, ‘ಹುಡುಗ ಲೈವ್ ಬ್ಯಾಂಡ್‌ನಲ್ಲಿದ್ದಾನಂತೆ’ ಎಂದು ಕೇಳಿ ಮಾತುಕತೆ ಅಲ್ಲಿಗೇ ಮುರಿದದ್ದುಂಟು. ಚರ್ಚಿನಲ್ಲಿ ಆರ್ಗನ್ ನುಡಿಸುವ ಸಾಧು ಪ್ರಾಣಿ ಅವನು.

ಮೈಸೂರಿನಿಂದ ಬೆಂಗಳೂರಿಗೆ ಹೋಗಿ ನುಡಿಸಿದರೆ ಸಂಭಾವನೆ ಎರಡು ಪಟ್ಟು, ಖರ್ಚು ಮೂರು ಪಟ್ಟು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಿ, ಬಿಚ್ಚಿ ಕಟ್ಟಿ, ಕಡೆಯ ಬಸ್ಸುಗಳಲ್ಲಿ ಒಂದನ್ನು ಹಿಡಿದರೆ ಊರು ಸೇರುವುದು ಎರಡೂವರೆಗೆ. ಹೆದ್ದಾರಿ ಹತ್ತಿರ ಮಾಡಿತು ಎನ್ನುತ್ತಾರೆ. ಹತ್ತಿರ ಮಾಡಿದ್ದು ಅಲ್ಲಿಂದ ಇಲ್ಲಿಗೆ. ಈಗ ಮೈಸೂರಿನ ರೆಸಾರ್ಟಿನವರು ಡಿಸೆಂಬರ್ 31ಕ್ಕೆ ಬೆಂಗಳೂರಿನ ತಂಡವನ್ನೇ ಕರೆಸುತ್ತಾರೆ. ಒಂದೂವರೆ ಗಂಟೆಯ ದಾರಿ, ನುಡಿಸಿ ರಾತ್ರಿಯೇ ವಾಪಸ್ಸು.

ಈ ಊರಿನಲ್ಲಿ ಪಾಶ್ಚಾತ್ಯ ಸಂಗೀತದ ಮಾತೆತ್ತಿದರೆ ಯಾರಾದರೊಬ್ಬರು ಮಹಾರಾಜರ ಕಥೆ ಹೇಳದೆ ಬಿಡುವುದಿಲ್ಲ. ನಾನೂ ಹೇಳಿ ಮುಗಿಸುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲು, ಪಿಯಾನೊಗಳ ಜೊತೆಗೆ ಸ್ಯಾಕ್ಸೋಫೋನನ್ನೂ ನುಡಿಸುತ್ತಿದ್ದರು. ಜರ್ಮನಿಯ ಆಟೊ ಸ್ಮಿತ್ ಅರಮನೆಯ ವಾದ್ಯವೃಂದವನ್ನು ನಡೆಸಿದರು. ವೀಣೆ ವೆಂಕಟಗಿರಿಯಪ್ಪನವರು ಆ ವೃಂದಕ್ಕೆಂದು ‘ನಗ್ಮಾ’ ಎಂಬ ಹೊಸ ಬಗೆಯ ರಚನೆಗಳನ್ನು ಮಾಡಿದರು. ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ವಾದಕರು. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದರ ಹಿಂದೆ ಅವರ ಹಣವಿತ್ತು. ಇದೆಲ್ಲ ಹೆಮ್ಮೆಯ ವಿಷಯವೇ. ಆದರೆ ಲೆಕ್ಕ ಬರೆಯುವವನ ಕಣ್ಣಿಗೆ ಬೀಳುವುದು ಬೇರೆ. ಅರಮನೆಯ ಬ್ಯಾಂಡಿನವನು ಸಂಬಳದ ಪಟ್ಟಿಯಲ್ಲಿದ್ದ. ದಸರಾದಲ್ಲಿ ಮಾತ್ರವಲ್ಲ, ಮಳೆ ಸುರಿಯುವ ಯಾವುದೋ ಮಂಗಳವಾರವೂ ಅವನು ಅಭ್ಯಾಸಕ್ಕೆ ಬರಬೇಕಿತ್ತು, ಬಂದದ್ದಕ್ಕೆ ತಿಂಗಳ ಕೊನೆಗೆ ಹಣ ಸಿಗುತ್ತಿತ್ತು. ಆ ಬ್ಯಾಂಡುಗಳ ಪರಂಪರೆ ಈಗ ಪೊಲೀಸ್ ಬ್ಯಾಂಡಿನಲ್ಲಿ ಉಳಿದಿದೆ. ದಸರಾದಲ್ಲಿ ಅರಮನೆಯ ಮುಂದೆ ಅವರು ಸಾಲಾಗಿ ನಿಂತು ನುಡಿಸುವಾಗ ನಮ್ಮ ಸ್ಯಾಕ್ಸೋಫೋನ್ ಗೆಳೆಯ ಸಂಗೀತವನ್ನು ಕೇಳುವುದಕ್ಕಿಂತ ಹೆಚ್ಚಾಗಿ ಬೆರಳುಗಳನ್ನು ನೋಡುತ್ತಾ, ‘ಪಿಂಚಣಿ ಇರುವ ಬೆರಳುಗಳು’ ಎನ್ನುತ್ತಾನೆ.

ಅವನ ದೇವರು ಕದ್ರಿ ಗೋಪಾಲನಾಥರು. ಬಂಟ್ವಾಳದ ಕಡೆಯ ನಾಗಸ್ವರ ವಿದ್ವಾಂಸರ ಮಗ, ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು, ಆ ಲೋಹದ ಕೊಳವೆಯಲ್ಲಿ ಗಮಕ ಹುಟ್ಟಿಸಲು ವರ್ಷಗಟ್ಟಲೆ ಹೆಣಗಿದವರು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ತಾನೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹತ್ತಿದರಂತೆ. 2008ರಲ್ಲಿ, ಹೆಸರು ಕೇಳಿದೊಡನೆ ನಮ್ಮ ಕಡೆಯವರೇ ಅನ್ನಿಸುವ ಅಮೆರಿಕದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರೊಡನೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ಬಂತು. ಇವತ್ತು ನಮ್ಮ ಕಡೆಯ ಮದುವೆಗಳಲ್ಲಿ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೂತಿರುವುದಕ್ಕೆ ಗೋಪಾಲನಾಥರ ಹೆಸರೇ ದೊಡ್ಡ ಕಾರಣ. ಯೋಚಿಸಿದರೆ ವಿಚಿತ್ರ: ಜಾಝ್‌ನ ಮುಖ್ಯ ವಾದ್ಯವೊಂದು ಮಂಡ್ಯದ ಹಳ್ಳಿಹಳ್ಳಿಯಲ್ಲಿದೆ, ನುಡಿಸಬಲ್ಲ ಬೆರಳುಗಳಿವೆ, ಆ ಕ್ಷಣದಲ್ಲೇ ಕಟ್ಟಿ ನುಡಿಸುವ ಮನೋಧರ್ಮದ ಸಂಗೀತಕ್ಕೆ ಪಳಗಿದ ಕಿವಿಗಳಿವೆ.

ಇಷ್ಟಿದ್ದೂ ಕೊರತೆ ಯಾವುದು? ಇದನ್ನು ನಾನು ನಮ್ಮ ಸ್ಯಾಕ್ಸೋಫೋನ್ ಗೆಳೆಯ ತಡವರಿಸುವ ಜಾಗದಿಂದ ಅರ್ಥ ಮಾಡಿಕೊಂಡೆ. ಅವನು ಬೆಳೆದ ಸಂಗೀತದಲ್ಲಿ ಶ್ರುತಿ ಎಂದರೆ ನೆಲ. ನೆಲ ನಿಂತಿರುತ್ತದೆ, ರಾಗ ಅದರ ಮೇಲೆ ನಡೆಯುತ್ತದೆ. ಜಾಝ್‌ನಲ್ಲಿ ನೆಲವೇ ನಡೆಯುತ್ತದೆ. ಮೂವತ್ತೆರಡು ಅಳತೆಯ (ಅಳತೆ ಎಂದರೆ ತಾಳದ ಒಂದು ಪುಟ್ಟ ಸುತ್ತು) ಒಂದು ಹಾಡಿನಲ್ಲಿ ಕೀಬೋರ್ಡಿನವನ ಸ್ವರಮೇಳ ಎರಡೆರಡು ಅಳತೆಗೆ ಜಾಗ ಬದಲಾಯಿಸುತ್ತಿರುತ್ತದೆ. ಒಂದು ಹೆಜ್ಜೆ ಹಿಂದೆ ಸರಿಯಾಗಿದ್ದ ಗಾಂಧಾರ ಮುಂದಿನ ಹೆಜ್ಜೆಗೆ ಮುಳ್ಳಾಗಿ ಚುಚ್ಚುತ್ತದೆ. ಓಡುವ ಬಸ್ಸಿನಲ್ಲಿ ನಿಂತು ರಂಗೋಲಿ ಹಾಕಿದ ಹಾಗೆ ಎಂದು ಅವನೇ ಒಮ್ಮೆ ಹೇಳಿದ್ದ. ಇದು ಪುಸ್ತಕದಿಂದ ಬರುವುದಿಲ್ಲ, ಯೂಟ್ಯೂಬಿನಿಂದ ಅರ್ಧ ಬರುತ್ತದೆ. ಉಳಿದರ್ಧ ಅದೇ ಮೂವರ ಜೊತೆ, ವಾರ ವಾರ, ಜನರ ಎದುರಿಗೆ, ತಪ್ಪು ಮಾಡುತ್ತಾ ಕಲಿಯಬೇಕಾದದ್ದು. ಇನ್ನು ಕೆಲವು ಸಂಗತಿಗಳು ಅವನಿಗೆ ಹುಟ್ಟಿನಿಂದಲೇ ಗೊತ್ತು. ಸ್ಯಾಕ್ಸೋಫೋನೂ ಡ್ರಮ್ಸೂ ನಾಲ್ಕು ನಾಲ್ಕು ಅಳತೆ ಹಂಚಿಕೊಂಡು ಸವಾಲು ಜವಾಬು ಮಾಡುವ ಪದ್ಧತಿಯನ್ನು ಮೊದಲ ದಿನ ವಿವರಿಸಿದಾಗ, ‘ಇದು ತನಿ ಆವರ್ತನದ ಕೊರಪ್ಪು ಅಲ್ಲವೇ, ಕುಗ್ಗಿಸುವುದೊಂದಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ (ಕೊರಪ್ಪು ಎಂದರೆ ತಾಳವಾದ್ಯದವರು ಸರದಿಯಲ್ಲಿ ನುಡಿಸುತ್ತಾ, ಸರದಿಯನ್ನು ಕುಗ್ಗಿಸುತ್ತಾ ಹೋಗುವುದು). ನಮಗೆ ಅದನ್ನು ಕಲಿಯಲು ವರ್ಷ ಹಿಡಿದಿತ್ತು.

ವಾರ ವಾರ ಎಂದೆ. ಅಲ್ಲೇ ಇರುವುದು ಎಲ್ಲ. ನಮ್ಮ ದೇಶದ ಜಾಝ್ ಬೆಳೆದದ್ದೇ ನಿತ್ಯದ ದುಡಿಮೆಯಾಗಿ. 1935ರಲ್ಲಿ ಅಮೆರಿಕದ ಲಿಯಾನ್ ಅಬ್ಬಿಯ ಜಾಝ್ ತಂಡ ಮುಂಬಯಿಯ ತಾಜ್ ಹೋಟೆಲಿಗೆ ಬಂದದ್ದು ಉತ್ಸವಕ್ಕಲ್ಲ, ಉದ್ಯೋಗಕ್ಕೆ. ಆಮೇಲೆ ಪಿಯಾನೊದ ಟೆಡ್ಡಿ ವೆದರ್‌ಫರ್ಡ್ ಮುಂಬಯಿ, ಕೊಲ್ಕತ್ತಗಳ ಹೋಟೆಲುಗಳಲ್ಲಿ ನುಡಿಸಿದ. ಅವರ ಪಕ್ಕದಲ್ಲಿ ಕುಳಿತು ಕಲಿತ ಗೋವೆಯ ವಾದಕರು ರಾತ್ರಿ ಹೋಟೆಲಿನಲ್ಲಿ ಊದಿ, ಹಗಲು ಹಿಂದಿ ಚಿತ್ರಗಳ ಸ್ಟುಡಿಯೋದಲ್ಲಿ ಊದಿ ಸಂಸಾರ ಸಾಕಿದರು. ಚಿಕ್ ಚಾಕೊಲೇಟ್ ಎಂದು ಹೆಸರಾದ ಟ್ರಂಪೆಟ್ ವಾದಕ ಅಂಥವರಲ್ಲೊಬ್ಬ. ನಮ್ಮ ಹಳೆಯ ಚಿತ್ರಗೀತೆಗಳಲ್ಲಿ ಎಲ್ಲೆಲ್ಲಿ ತುತ್ತೂರಿ ಮೈಮುರಿದು ಎದ್ದಂತೆ ಕೇಳುತ್ತದೋ ಅಲ್ಲೆಲ್ಲ ಇವರ ಉಸಿರಿದೆ. ಆ ವಾದಕರಿಗೆ ಕಲೆಯ ಮೇಲೆ ಪ್ರೀತಿ ಇತ್ತು, ಸರಿ. ಆದರೆ ಆ ಪ್ರೀತಿಗೆ ರಾತ್ರಿಗಿಷ್ಟು ಎಂದು ಒಂದು ದರವೂ ಇತ್ತು.

ಮೈಸೂರು ಹಬ್ಬದ ಊರು. 2024ರಲ್ಲಿ ಯುವ ದಸರಾವನ್ನು ಮಹಾರಾಜ ಕಾಲೇಜು ಮೈದಾನದಿಂದ ಉತ್ತನಹಳ್ಳಿಗೆ ಒಯ್ದರು, ಎ.ಆರ್. ರೆಹಮಾನ್ ಬಂದರು, ಇಳಯರಾಜ ಬಂದರು. ನಾನೂ ಹೆಂಡತಿಯೊಡನೆ ಹೋಗಿ ಹಿಂದೆ ಎಲ್ಲೋ ನಿಂತು ಕಣ್ಣು ತೇವ ಮಾಡಿಕೊಂಡು ಬಂದೆ. ನನ್ನ ತಕರಾರು ಅದರ ಮೇಲಲ್ಲ. ಹತ್ತು ದಿನ ಝಗಮಗಿಸುವ ಊರು ಹನ್ನೊಂದನೆಯ ದಿನದಿಂದ ಸಂಗೀತಗಾರನನ್ನು ಮುಂದಿನ ದಸರಾದ ತನಕ ಉಪವಾಸ ಇಡುತ್ತದಲ್ಲ, ಅದು. ಜಾಝ್ ಉತ್ಸವ ಮಾಡೋಣ ಎಂದು ಉತ್ಸಾಹಿಗಳು ಆಗಾಗ ಬರುತ್ತಾರೆ. ಪೋಸ್ಟರಿನ ವಿನ್ಯಾಸದವರೆಗೆ ಮಾತು ಮುಂದುವರಿಯುತ್ತದೆ. ನಾನು ಪ್ರತಿ ಬಾರಿ ಕೇಳುವುದು ಒಂದೇ: ಉತ್ಸವಕ್ಕೆ ಹಾಕುವ ಹಣವನ್ನು ಐವತ್ತೆರಡರಿಂದ ಭಾಗಿಸಿ, ವಾರಕ್ಕೊಂದು ಸಂಜೆ, ಅದೇ ಜಾಗ, ಅದೇ ಹೊತ್ತು, ನಾಲ್ಕು ಜನಕ್ಕೆ ನಿಗದಿಯಾದ ಸಂಭಾವನೆ ಎಂದು ಮಾಡಬಾರದೇ? ಅದಕ್ಕೆ ಪೋಸ್ಟರು ಚೆನ್ನಾಗಿ ಬರುವುದಿಲ್ಲ. ಉದ್ಘಾಟನೆಗೆ ಯಾರನ್ನೂ ಕರೆಯುವಂತಿಲ್ಲ.

ಹೀಗೆ ಕೇಳುಗರು ಹುಟ್ಟುತ್ತಾರೆಯೇ ಎಂದು ಸಂಶಯ ಪಡುವವರಿಗೆ ವಿ.ವಿ. ಮೊಹಲ್ಲಾದ ಎಂಟನೆಯ ಕ್ರಾಸ್ ತೋರಿಸುತ್ತೇನೆ. ಗಣಪತಿ ಹಬ್ಬ ಬಂತೆಂದರೆ ದಶಕಗಳಿಂದ ಅಲ್ಲಿ ರಸ್ತೆಯೇ ಸಭಾಂಗಣ. ಕರ್ನಾಟಕ ಸಂಗೀತದ ದೊಡ್ಡ ದೊಡ್ಡ ಹೆಸರುಗಳು ಅಲ್ಲಿ ಹಾಡಿವೆ. ಟಿಕೆಟಿಲ್ಲ. ಹುಡುಗನಾಗಿದ್ದಾಗ ನಾನು ಚುರುಮುರಿಗೆಂದು ಹೋಗಿ ಕಲ್ಯಾಣಿ ಕೇಳಿಕೊಂಡು ಬಂದವನು. ಮೊದಲ ವರ್ಷ ನಿದ್ದೆ ಮಾಡಿದೆ, ಎರಡನೆಯ ವರ್ಷ ತಾಳ ಹಾಕಿದೆ. ಮಂಡ್ಯದ ಮಂಟಪದಲ್ಲಿ ‘ಸ್ವರ ಜಾರಿತು’ ಎಂದ ಆ ಹಿರಿಯರೂ ಇಂಥದೇ ಯಾವುದೋ ರಸ್ತೆಯ ಬದಿಯಲ್ಲಿ ಕಿವಿ ಸಂಪಾದಿಸಿಕೊಂಡವರಿರಬೇಕು.

ಜಾಝ್ ನಮ್ಮದಲ್ಲ ಎನ್ನುವವರೂ ಇದ್ದಾರೆ. ಅವರ ಜೊತೆ ವಾದಕ್ಕೆ ಇಳಿಯುವ ವಯಸ್ಸು ನನ್ನದಲ್ಲ. ಪಿಟೀಲು ಎಲ್ಲಿಂದ ಬಂತು ಎಂದು ಕೇಳಿ ಸುಮ್ಮನಾಗುತ್ತೇನೆ.

ಈ ಆಷಾಢದಲ್ಲಿ ನಾವು ಒಂದು ಹೊಸ ಹಾಡು ಕೈಗೆತ್ತಿಕೊಂಡೆವು. ಮೊದಲ ಭಾಗ ಎರಡು ಸಲ, ನಡುವೆ ಬೇರೊಂದು ಭಾಗ, ಮತ್ತೆ ಮೊದಲನೆಯದು; ಎಂಟೆಂಟು ಅಳತೆಯ ನಾಲ್ಕು ತುಂಡು. ಮೊದಲ ಭಾಗ ಎರಡು ಸಂಜೆಯಲ್ಲಿ ಕೂಡಿಬಂತು. ನಡುವಿನ ಭಾಗದಲ್ಲಿ ಶ್ರುತಿಯೇ ಬೇರೆ ಕಡೆ ಹಾರುತ್ತದೆ, ಅಲ್ಲಿ ಸಿಕ್ಕಿಕೊಂಡೆವು. ಡ್ರಮ್ಸಿನ ಮೇಲೆ ಹಳೆಯ ಹೊದಿಕೆ ಹಾಸಿಕೊಂಡು, ಪಕ್ಕದ ಮನೆಯವರ ಧಾರಾವಾಹಿಗೆ ತೊಂದರೆಯಾಗದಂತೆ, ಅದೇ ಎಂಟು ಅಳತೆಯನ್ನು ಎಷ್ಟು ಸಲ ನುಡಿಸಿದೆವೋ. ಮಳೆ ಜೋರಾದರೆ ತಗಡಿನ ಸದ್ದಿನಲ್ಲಿ ನಮ್ಮದು ನಮಗೇ ಕೇಳುತ್ತಿರಲಿಲ್ಲ. ಆಗ ನಿಲ್ಲಿಸಿ ಚಹಾ ಕುಡಿಯುವುದು. ಜುಲೈ ಕೊನೆಯ ಎರಡು ವಾರ ನಾನೇ ತಪ್ಪಿಸಿಕೊಂಡೆ, ಊರವರ ತೆರಿಗೆ. ಮತ್ತೆ ಕೂಡಿದ ದಿನ ಸ್ಯಾಕ್ಸೋಫೋನ್ ಗೆಳೆಯ ಆ ಹಾರುವ ಜಾಗವನ್ನು ಒಮ್ಮೆ, ಒಂದೇ ಒಂದು ಸಲ, ಕಾಲು ಜಾರದೆ ದಾಟಿದ. ಇನ್ನೊಮ್ಮೆ ಎಂದು ಕೀಬೋರ್ಡಿನವನು ಕೈ ಎತ್ತಿದ. ಅಷ್ಟರಲ್ಲಿ ಗೆಳೆಯನ ಮೊಬೈಲ್ ಅಲುಗಿತು. ಪಾಂಡವಪುರದ ಕಡೆಯ ಪಾರ್ಟಿ. ಶ್ರಾವಣದ ಮೊದಲ ಲಗ್ನಕ್ಕೇ ಮದುವೆ, ಮುಂಗಡ ಈಗಲೇ ಹಾಕುತ್ತಾರಂತೆ. ಅವನು ಮಾತು ಮುಗಿಸಿ, ಜಾಝ್‌ನ ರೀಡನ್ನು ಬಿಚ್ಚಿ, ಒರೆಸಿ, ಡಬ್ಬಿಯಲ್ಲಿಟ್ಟ.

ಡ್ರಮ್ಸ್ ಗೆಳೆಯ ಮೊಳೆಯಿಂದ ಪಂಚಾಂಗ ಇಳಿಸಿ ಹಾಳೆ ಮಗುಚಿದ. ‘ಧನುರ್ಮಾಸ ಡಿಸೆಂಬರ್ 16ಕ್ಕೆ ಶುರು. ನಡುವಿನ ಭಾಗ ಆಗ ನೋಡೋಣ’ ಎಂದ.

‘ಆಗ ನನಗೆ ಕ್ರಿಸ್‌ಮಸ್’ ಎಂದ ಕೀಬೋರ್ಡಿನವನು.